ಮನೆಯಲ್ಲೊಂದು ಸರ್ವರು



'ಸರ್ವರು' ಎಂಬ ಮಾತು ಈಗ ಬ್ಯಾಂಕಿನಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ಸರ್ಕಾರಿ ಕಚೇರಿಯಲ್ಲಿ ನಿತ್ಯವೂ ಕಿವಿಗೆ ಬೀಳುತ್ತದೆ. 'ಸರ್ವರು ಇಲ್ಲ, ನಾಳೆ ಬನ್ನಿ' ಎಂದರೆ ನಾವು ಮರುಮಾತಾಡದೆ ಹಿಂದಿರುಗುತ್ತೇವೆ. ಅದೇನು, ಎಲ್ಲಿದೆ ಎಂದು ಕೇಳುವವರು ವಿರಳ. ಶಬ್ದಾರ್ಥವನ್ನು ನೋಡಿದರೆ, ಬಡಿಸುವವನು ಎಂದಷ್ಟೇ. ಹೋಟೆಲಿನ ಮಾಣಿಯಂತೆ, ಕೇಳಿದ ಪುಟವನ್ನು ಒಳಗಿನಿಂದ ತಂದುಕೊಡುವ ಗಣಕಯಂತ್ರವೇ ಸರ್ವರು.

ಬೆಳ್ಳಂದೂರಿನ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ಸಾವಿರಾರು ಜನ ಗಣಕವಿದ್ಯೆಯಿಂದಲೇ ಜೀವನ ನಡೆಸುತ್ತಿದ್ದಾರೆ. ಊರಿಗೂ ಈ ವಿದ್ಯೆ ಹೊಸದಲ್ಲ. ಗ್ರಾಮ ಪಂಚಾಯತಿಯಾಗಿದ್ದ ಕಾಲದಲ್ಲೇ, 1998ರಲ್ಲಿ, ಬೆಳ್ಳಂದೂರು ತನ್ನ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿ ನಾಡಿಗೆ ಮೇಲ್ಪಂಕ್ತಿ ಹಾಕಿತು. ಆದರೂ, ಪುಟವೊಂದು ಎಲ್ಲಿಂದ ಬರುತ್ತದೆಂದು ತರಗತಿಯಲ್ಲಿ ಕೇಳಿ ನೋಡಿ. ಮಕ್ಕಳು ಕೈಯಲ್ಲಿನ ಮೊಬೈಲನ್ನೇ ತೋರಿಸಿಯಾರು. ಅವರು ಉಣ್ಣುವುದನ್ನು ಬಲ್ಲರು; ಅಡುಗೆಮನೆಯನ್ನು ಕಂಡಿಲ್ಲ.

ಆ ಅಡುಗೆಮನೆಯನ್ನು ನಮ್ಮಲ್ಲಿಯೇ ಹೂಡಬಹುದು. ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪು ಸಾಕು. ಇಲ್ಲವೇ 2012ರಿಂದ ಮಾರಾಟದಲ್ಲಿರುವ, ಅಂಗೈಯಲ್ಲಿ ಹಿಡಿಸುವ ರಾಸ್ಪ್‌ಬೆರಿ ಪೈ ಆದೀತು. ಅದರಲ್ಲಿ ಲಿನಕ್ಸನ್ನೂ, ಅಪಾಚೆ ಎಂಬ ಸರ್ವರು ತಂತ್ರಾಂಶವನ್ನೂ ಹಾಕಿಕೊಳ್ಳಬೇಕು. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ. ಬಳಿಕ ಮಗುವೇ ಒಂದು ಪುಟ ಬರೆಯಲಿ. ಬೆಳ್ಳಂದೂರು ಕೆರೆಯ ವಿಷಯವಾಗಿ, ಕನ್ನಡದಲ್ಲಿ. 1991ರಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಅಕ್ಷರಗಳು ಯುಟಿಎಫ್-8 ಕ್ರಮದಲ್ಲಿವೆಯೆಂದು ಪುಟದ ತಲೆಯಲ್ಲಿ ಸೂಚಿಸಿದರೆ ಅವು ಕಲಸಿಹೋಗುವುದಿಲ್ಲ. ಮನೆಯ ವೈಫೈಗೆ ಸೇರಿಸಿದ ಅಜ್ಜಿಯ ಮೊಬೈಲಿನಲ್ಲಿ ಆ ಯಂತ್ರದ ವಿಳಾಸವನ್ನು, 192.168.1.10 ಎಂಬಂಥ ಸಂಖ್ಯೆಯನ್ನು, ಒತ್ತಿದರೆ ಮೊಮ್ಮಗುವಿನ ಪುಟ ಎದುರಿಗೆ ಬರುತ್ತದೆ.

ನಿಜವಾದ ಪಾಠ ಆಮೇಲಿನದು. ಸರ್ವರು ಒಂದು ದಿನಚರಿ ಬರೆದಿಡುತ್ತದೆ: ಯಾವ ವಿಳಾಸದವರು, ಯಾವಾಗ, ಏನು ಕೇಳಿದರು ಎಂದು. ಕೊಟ್ಟಿದ್ದರೆ 200, ಇಲ್ಲದ್ದನ್ನು ಕೇಳಿದ್ದರೆ 404. ಇದನ್ನೋದಿದ ಮಗುವಿಗೆ, ಅಂತರಜಾಲದಲ್ಲಿ ತಾನು ಕೇಳಿದ್ದೂ ಹೀಗೆಯೇ ಇನ್ನಾರದೋ ಪುಸ್ತಕದಲ್ಲಿ ದಾಖಲಾಗುತ್ತದೆಂದು ಬೇರೆ ಉಪದೇಶ ಬೇಕಿಲ್ಲ. ವಿದ್ಯುತ್ತು ಹೋದರೆ ಪುಟವೂ ಹೋಗುತ್ತದೆ. 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಜಗತ್ತಿನ ಮೊದಲ ವೆಬ್ ಸರ್ವರನ್ನು ನಡೆಸಿದ ಟಿಮ್ ಬರ್ನರ್ಸ್-ಲೀ ಅವರೇ, ಯಂತ್ರವನ್ನು ಆರಿಸಬೇಡಿರೆಂದು ಚೀಟಿ ಅಂಟಿಸಬೇಕಾಯಿತು! ಪುಟ ಬಾರದಿದ್ದಾಗ ಯಂತ್ರ ನಿಂತಿದೆಯೋ, ದಾರಿ ಕಡಿದಿದೆಯೋ, ಕಡತವೇ ಇಲ್ಲವೋ ಎಂದು ಬಿಡಿಸಿ ಕೇಳುವ ಬುದ್ಧಿ ಹೀಗೆ ಬೆಳೆಯುತ್ತದೆ. ಕಿಟಕಿಯಲ್ಲಿ ಸಿಕ್ಕ ಉತ್ತರವನ್ನು ಹಾಗೆಯೇ ನುಂಗುವ ಪ್ರಜೆಗಿಂತ ವಿನಯದಿಂದ ಕಾರಣ ಕೇಳುವ ಪ್ರಜೆ ನಾಡಿಗೆ ಮೇಲು.

ಒಂದು ಎಚ್ಚರಿಕೆಯನ್ನು ಹೇಳಬೇಕು. ಕಲಿಯುವಷ್ಟು ಕಾಲ ಈ ಸರ್ವರು ಮನೆಯೊಳಗೇ ಇರಲಿ. ರೌಟರಿನ ಬಾಗಿಲನ್ನು ಹೊರಜಗತ್ತಿಗೆ ತೆರೆದರೆ, ಅಪರಿಚಿತ ಯಂತ್ರಗಳು ಬಹುಬೇಗ ಬಂದು ಬೀಗ ಅಲುಗಾಡಿಸಿ ನೋಡುತ್ತವೆ. ಗಟ್ಟಿಯಾದ ಗುಪ್ತಪದವಿಡುವುದು, ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದು ಅಭ್ಯಾಸವಾದ ಮೇಲೆ ಆ ಮಾತು.

ಬರುವ ರಜೆಯಲ್ಲಿ ಆ ಹಳೆಯ ಯಂತ್ರದ ಧೂಳು ಕೊಡವಿ ಮಕ್ಕಳ ಕೈಗೆ ಕೊಡಿರಿ. ಬಡಿಸಿ ನೋಡಿದವನಿಗೇ ಅಡುಗೆಯ ಕಷ್ಟವೂ ತಿಳಿಯುತ್ತದೆ, ಬೆಲೆಯೂ ತಿಳಿಯುತ್ತದೆ.