ರಾಮನದುರ್ಗ: ತಂಪಿಗಾಗಿ ಕಟ್ಟಿ ಕೈಬಿಟ್ಟ ಊರು



ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಮಾತನ್ನು ಕೇಳಿ ಕೇಳಿ ನಮಗೆ ನಗು ಬರುವುದೂ ನಿಂತುಹೋಗಿದೆ. ಸಿರುಗುಪ್ಪದಿಂದ, ಕುರುಗೋಡಿನಿಂದ ಬಸ್ಸು ಹಿಡಿದು ಬಂದವರಿಗಂತೂ ಅದನ್ನು ಬಿಡಿಸಿ ಹೇಳಬೇಕಿಲ್ಲ. ಈ ಬಿಸಿಲಿಗೆ ಹೆದರಿದವರು ನಮ್ಮ ಜಿಲ್ಲೆಯಲ್ಲೇ, ಸಂಡೂರಿನ ಗುಡ್ಡಸಾಲಿನ ನೆತ್ತಿಯ ಮೇಲೆ, ಒಂದು ಊರನ್ನೇ ಕಟ್ಟಿದರು, ಆಮೇಲೆ ಬಿಟ್ಟುಹೋದರು. ಅದೇ ರಾಮನದುರ್ಗ. ರಾಮಗಡ ಎಂದೂ ಕರೆಯುತ್ತಾರೆ.

ನಮ್ಮ ಸೀಮೆಯ ಜನ ಗುಡ್ಡ ಹತ್ತುತ್ತಿದ್ದದ್ದು ದೇವರಿಗಾಗಿ, ಇಲ್ಲವೇ ಜೀವ ಉಳಿಸಿಕೊಳ್ಳಲು. ಕುರುಗೋಡಿನ ಬೆಟ್ಟದ ಆಸರೆಯಲ್ಲಿ ಸಿಂದರು ಆಳಿದರು. ಬಳ್ಳಾರಿ ಗುಡ್ಡದ ಮೇಲೆ ಹನುಮಪ್ಪ ನಾಯಕ ಕೋಟೆ ಕಟ್ಟಿದ, ಹೈದರಾಲಿ ಅದನ್ನು ಬಲಪಡಿಸಿದ. ಎದುರಿನ ಕುಂಬಾರಗುಡ್ಡ ಎತ್ತರವಿದೆ ಎಂದು ಕೊನೆಗೆ ಗೊತ್ತಾಗಿ ಹೈದರ ತನ್ನ ಫ್ರೆಂಚ್ ಇಂಜಿನಿಯರನನ್ನು ಗಲ್ಲಿಗೇರಿಸಿದ ಕಥೆ ನಿಮಗೆಲ್ಲ ಬಾಯಿಪಾಠ. ಅದು ಎಷ್ಟು ನಿಜ ಎಂಬುದು ಬೇರೆಯೇ ಉಪನ್ಯಾಸದ ವಿಷಯ, ಇವತ್ತು ಬೇಡ. ರಾಮನದುರ್ಗದಲ್ಲೂ ಮೊದಲು ಇದ್ದದ್ದು ಕೋಟೆಯೇ. ಕಂಪಿಲರಾಯನ ಮಗ, ದಿಲ್ಲಿಯ ಸುಲ್ತಾನನ ಸೈನ್ಯಕ್ಕೆ ಎದುರು ನಿಂತ ಕುಮಾರರಾಮನ ಹೆಸರೇ ಅದಕ್ಕೆ ಬಂದಿದೆಯೆಂದು ಅಲ್ಲಿಯವರು ನಂಬುತ್ತಾರೆ. ಸುಖಕ್ಕಾಗಿ, ಬರೀ ತಣ್ಣನೆಯ ಗಾಳಿಗಾಗಿ ಗುಡ್ಡ ಹತ್ತುವ ರೂಢಿ ಇಲ್ಲಿಗೆ ಬಂದದ್ದು ಕಂಪನಿ ಸರ್ಕಾರದ ಜೊತೆಗೆ.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ ದೊಡ್ಡ ದಂಡು ಆಯಿತು. ಕೌಲ್ ಬಜಾರ್, ಬ್ರೂಸ್‌ಪೇಟೆ, ಕಂಟೋನ್ಮೆಂಟ್ ಎಂದು ನಾವು ದಿನಾ ಆಡುವ ಹೆಸರುಗಳೆಲ್ಲ ಆ ಕಾಲದ ಗುರುತುಗಳು. ಹಡಗಿಳಿದು ಬಂದ ಬಿಳಿ ಸಿಪಾಯಿಗಳು ಇಲ್ಲಿ ಜ್ವರ, ಕಾಲರಾಗಳಿಂದ ನರಳಿದರು. ಕೊಳೆತ ನೆಲದಿಂದ ಏಳುವ ಕೆಟ್ಟ ಗಾಳಿಯೇ ಕಾಯಿಲೆ ತರುತ್ತದೆ, ಎತ್ತರಕ್ಕೆ ಹೋದರೆ ಬದುಕಿಕೊಳ್ಳಬಹುದು ಎಂಬುದು ಅಂದಿನ ವೈದ್ಯರ ನಂಬಿಕೆ. ರಾಮನದುರ್ಗದ ಮೇಲಿನ ಬಯಲು ಸಮುದ್ರಮಟ್ಟದಿಂದ ಸುಮಾರು 3,200 ಅಡಿ ಎತ್ತರದಲ್ಲಿದೆ, ಬಳ್ಳಾರಿ ಸುಮಾರು 1,500 ಅಡಿಯಲ್ಲಿ. ಸಾವಿರ ಅಡಿ ಏರಿದರೆ ತಾಪ ಹೆಚ್ಚುಕಡಿಮೆ 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಅಂದರೆ ಲಾಭ ಮೂರು ಡಿಗ್ರಿಯ ಆಸುಪಾಸು, ಅಷ್ಟೇ. ಅಷ್ಟಕ್ಕೆ ಇಷ್ಟೆಲ್ಲಾ ಯಾಕೆ ಎನ್ನಿಸಬಹುದು. ಮೇ ತಿಂಗಳ ರಾತ್ರಿ ಕರೆಂಟು ಹೋದಾಗ ಇನ್ನೊಮ್ಮೆ ಯೋಚಿಸಿ.

ಗುಡ್ಡವೇನೋ ಕಂಪನಿಯದಲ್ಲ, ಸಂಡೂರಿನ ಘೋರ್ಪಡೆ ದೊರೆಗಳದು. ಆ ಪುಟ್ಟ ಸಂಸ್ಥಾನವನ್ನು 1817ರಲ್ಲಿ ಕಂಪನಿಯ ಥಾಮಸ್ ಮನ್ರೊ ಪೇಶ್ವೆಯ ಪರವಾಗಿ ವಶಪಡಿಸಿಕೊಂಡ. ಮರುವರ್ಷ ಪೇಶ್ವೆಯೇ ಬಿದ್ದುಹೋದ ಮೇಲೆ ಅದು ದೊರೆ ಶಿವರಾವ್ ಅವರ ಕೈಗೆ ಮರಳಿತು. ಅವರ ನಂತರ ಬಂದ ವೆಂಕಟರಾವ್ ಕಾಲದಲ್ಲಿ, 1840ರ ದಶಕದಲ್ಲಿ, ಕಾಯಿಲೆಬಿದ್ದ ಸಿಪಾಯಿಗಳ ಆರೋಗ್ಯಧಾಮಕ್ಕೆ ಅನುಮತಿ ಸಿಕ್ಕಿತು. ತೆಗೆದುಕೊಂಡು ವಾಪಸು ಕೊಟ್ಟ ಕಂಪನಿಯೇ ಬಂದು ಕೇಳಿದಾಗ ಸಣ್ಣ ದೊರೆ ಇಲ್ಲ ಎನ್ನುವುದು ಹೇಗೆ? ಬ್ಯಾರಕ್‌ಗಳೂ ಬಂಗಲೆಗಳೂ ಎದ್ದವು. ಬೇಸಿಗೆ ಬಂತೆಂದರೆ ಬಳ್ಳಾರಿಯ ದೊರೆಸಾನಿಗಳೂ ಮಕ್ಕಳೂ ಮೇಲಿರುತ್ತಿದ್ದರು. ಅವರ ಹಾಸಿಗೆಯಿಂದ ಹಿಡಿದು ಹಿಟ್ಟಿನವರೆಗೆ ಎಲ್ಲವನ್ನೂ ಮೇಲೆ ಸಾಗಿಸಿದ ನಮ್ಮವರ ಹೆಸರನ್ನು ಗೆಜೆಟಿಯರ್ ಬರೆದವರು ದಾಖಲಿಸುವ ಗೋಜಿಗೆ ಹೋಗಲಿಲ್ಲ.

ಹಾಗಾದರೆ ಊಟಿ ಬೆಳೆದು ರಾಮನದುರ್ಗ ಯಾಕೆ ಬಿದ್ದುಹೋಯಿತು? ಗಾಳಿ ಕೆಡಲಿಲ್ಲ. ಊರಿಗೆ ತನ್ನದೆಂಬ ಕಸುಬು ಇರಲಿಲ್ಲ, ಇದು ನನ್ನ ತೀರ್ಮಾನ. ಊಟಿಗೆ ಮದ್ರಾಸು ಸರ್ಕಾರವೇ ಬೇಸಿಗೆಯಲ್ಲಿ ಏರಿ ಹೋಗುತ್ತಿತ್ತು, ಸುತ್ತ ಚಹಾ, ಕಾಫಿ ತೋಟಗಳಿದ್ದವು, 1908ರಲ್ಲಿ ರೈಲೂ ಬಂತು. ರಾಮನದುರ್ಗವಿದ್ದದ್ದು ಬಳ್ಳಾರಿ ದಂಡನ್ನು ನೆಚ್ಚಿಕೊಂಡು. ದಂಡು ಕುಗ್ಗಿತು, ಗುಡ್ಡ ಬರಿದಾಯಿತು. ಇದರ ನಡುವೆ, 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡುಹಿಡಿದ. ಜ್ವರ ತರುವುದು ಗಾಳಿಯಲ್ಲ, ಸೊಳ್ಳೆ ಎಂದಾದ ಮೇಲೆ ರೋಗಿಯನ್ನು ಗುಡ್ಡಕ್ಕೆ ಹೊರಿಸಿಕೊಂಡು ಹೋಗುವ ವಾದಕ್ಕೆ ಅರ್ಧ ಬಲ ಹೋಯಿತು.

ಇಂಥದ್ದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಬೆಟ್ಟದ ತುದಿಯ ಮೇಲೆ 'ಘೋಸ್ಟ್ ಟೌನ್ ಇನ್ ದ ಸ್ಕೈ' ಎಂಬ ವಿನೋದ ಉದ್ಯಾನವನ್ನು 1961ರಲ್ಲಿ ತೆರೆದರು. ಜನ ತಂತಿಗೆ ತೂಗುವ ಕುರ್ಚಿಯಲ್ಲಿ ಕೂತು ಮೇಲೆ ಹೋಗುತ್ತಿದ್ದರು. 2002ರಲ್ಲಿ ಮುಚ್ಚಿತು, 2007ರಲ್ಲಿ ಮತ್ತೆ ತೆರೆಯಿತು, ಮತ್ತೆ ಮುಚ್ಚಿತು. ಕೆಳಗಿನಿಂದ ಬರುವವರನ್ನೇ ನಂಬಿದ ಊರಿಗೆ ಅವರು ಬರುವುದು ನಿಂತರೆ ಉಳಿಗಾಲವಿಲ್ಲ.

ರಾಮನದುರ್ಗದ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದೇ ವ್ಯತ್ಯಾಸ. ಆ ಗುಡ್ಡದ ಕಲ್ಲೊಂದನ್ನು ಕೈಗೆತ್ತಿಕೊಂಡು ನೋಡಿ: ಗಾತ್ರಕ್ಕೆ ಮೀರಿದ ಭಾರ. ಒರಟು ಬಿಳಿ ಬಿಲ್ಲೆಯ ಮೇಲೆ ಉಜ್ಜಿದರೆ ಇಟ್ಟಿಗೆಗೆಂಪು ಗೆರೆ ಬೀಳುತ್ತದೆ. ಅದು ಹೆಮಟೈಟ್, ಕಬ್ಬಿಣದ ಅದಿರು. ಸಂಡೂರಿನ ಗುಡ್ಡಗಳಲ್ಲಿ ಅದು ಹೇರಳವಾಗಿದೆಯೆಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲೇ ಬರೆದಿಟ್ಟರು. ನಮ್ಮ ಸಂಗನಕಲ್ಲಿನ ನವಶಿಲಾಯುಗದ ನೆಲೆಗಳನ್ನು ಲೋಕಕ್ಕೆ ತೋರಿಸಿದವರಲ್ಲೂ ಅವರೊಬ್ಬರು. 20ನೆಯ ಶತಮಾನದ ಆರಂಭದಲ್ಲಿ ಮ್ಯಾಂಗನೀಸ್ ಅಗೆತ ಶುರುವಾಯಿತು, ಕಬ್ಬಿಣದ್ದು ಆಮೇಲೆ. ಮುಂದಿನದನ್ನು ನೀವು ಕಣ್ಣಾರೆ ಕಂಡಿದ್ದೀರಿ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಹಿಡಿಯಿತು, 2013ರಲ್ಲಿ ಷರತ್ತಿನ ಮೇಲೆ ಬಿಟ್ಟಿತು. ಆರೋಗ್ಯಕ್ಕೆಂದು ಹತ್ತಿದ ಗುಡ್ಡದ ಸುತ್ತ ಕೆಂಧೂಳು.

ಮೇಲೆ ಈಗಲೂ ಒಂದು ಸಣ್ಣ ಊರಿದೆ, ಮಾಡಿಲ್ಲದ ಗೋಡೆಗಳಿವೆ. ಗಿರಿಧಾಮ ಮಾಡಬೇಕೆಂಬ ಮಾತನ್ನು ನಾನು ಬೇಗ ಒಪ್ಪಲಾರೆ. ಇನ್ನೊಂದು ಸಲ ಕೆಳಗಿನವರನ್ನು ನೆಚ್ಚಿಕೊಂಡು ಹೋಟೆಲು ಕಟ್ಟಿ ಖಾಲಿ ಬಿಡುವುದು ಬೇಡ. ಅದಕ್ಕೆ ಮೊದಲು ಆಗಬೇಕಾದ ಕೆಲಸ ಚಿಕ್ಕದು, ದುಡ್ಡೂ ಹೆಚ್ಚು ಬೇಡ: ಉಳಿದ ಕಟ್ಟಡಗಳ ನಕ್ಷೆ ತೆಗೆಯಬೇಕು, ಸಮಾಧಿಗಲ್ಲುಗಳ ಮೇಲಿನ ಬರಹವನ್ನು ನಕಲು ಮಾಡಿಕೊಳ್ಳಬೇಕು, ಅಲ್ಲಿಯ ಹಿರಿಯರ ನೆನಪುಗಳನ್ನು ಬರೆದುಕೊಳ್ಳಬೇಕು. 2021ರಲ್ಲಿ ಜಿಲ್ಲೆ ಒಡೆದಾಗ ಹೊಸಪೇಟೆ, ಹಂಪಿ ವಿಜಯನಗರಕ್ಕೆ ಹೋದವು, ಸಂಡೂರು ನಮ್ಮಲ್ಲೇ ಉಳಿಯಿತು. ಹಾಗಾಗಿ ಇದು ನಮ್ಮ ಹೊಣೆ. ನಿಮ್ಮ ಯಾರ ಮನೆಯಲ್ಲಾದರೂ ರಾಮನದುರ್ಗದ ಹಳೆಯ ಫೋಟೊ, ಬಾಡಿಗೆ ಚೀಟಿ, ಕಾಗದಪತ್ರ ಇದ್ದರೆ, ಅಥವಾ ಅಜ್ಜ–ಮುತ್ತಜ್ಜ ಅಲ್ಲಿ ದುಡಿದಿದ್ದರೆ, ದಯವಿಟ್ಟು ಹೊರಡುವ ಮುನ್ನ ಸಂಘದ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ ಹೋಗಿ.