ಓಡಿದವರು, ಗೆರೆ ಎಳೆದವರು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಕ್ರೀಡಾಪಟುಗಳು ಮತ್ತು ಸ್ವಯಂಸೇವಕರ ಸನ್ಮಾನಕ್ಕೆ ಮುಂಚೆ ಆಡಿದ ಮಾತುಗಳ ಬರಹ ರೂಪ)



ಅಡುಗೆ ಕಡೆಯಿಂದ ಒಗ್ಗರಣೆ ವಾಸನೆ ಬರುತ್ತಿದೆ. ಊಟಕ್ಕೆ ಮುಂಚೆ ಮೈಕ್ ಹಿಡಿದವನ ಕಷ್ಟ ನಿಮಗೆ ಗೊತ್ತು. ಆದರೂ ಈ ಸನ್ಮಾನದ ಪಟ್ಟಿ ಹೇಗೆ ತಯಾರಾಯಿತು ಎಂಬುದನ್ನು ಹೇಳದೆ ಹೆಸರು ಓದಿದರೆ, ಕೆಲವರಿಗಾದರೂ "ಇವರ್ಯಾಕೆ ಇದ್ದಾರೆ ಇದರಲ್ಲಿ?" ಅನ್ನಿಸುತ್ತದೆ. ಅದಕ್ಕೆ ನಾಲ್ಕು ಮಾತು.

ಪಟ್ಟಿ ಮಾಡುವ ಕೆಲಸವನ್ನು ಸಮಿತಿಯವರು ನಮ್ಮ ಬ್ಯಾಚಿಗೆ ಒಪ್ಪಿಸಿದರು. ನಾವು ಮೊದಲು ಆಫೀಸು ರೂಮಿನ ಬೀರು ತೆಗೆಸಿದೆವು. ಗೆದ್ದಲು ಮುಟ್ಟದ ಎರಡು ಕ್ರೀಡಾ ರಿಜಿಸ್ಟರುಗಳು ಸಿಕ್ಕವು. ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಚೊಕ್ಕವಾಗಿ ಬರೆದಿದ್ದಾರೆ. ಪ್ರಥಮ, ದ್ವಿತೀಯ, ತೃತೀಯ, ಅಷ್ಟೇ. ಒಂದು ಪುಟದಲ್ಲಿ "ಖೋ-ಖೋ ಬಾಲಕಿಯರು – ತಾಲ್ಲೂಕಿಗೆ ಪ್ರಥಮ" ಎಂದಿದೆ. ಆ ಹನ್ನೆರಡು ಹೆಣ್ಣುಮಕ್ಕಳಲ್ಲಿ ಒಬ್ಬರ ಹೆಸರೂ ಇಲ್ಲ. ಪಕ್ಕದ ಕುಣಿಗಲ್ಲಿನ ಸ್ಟಡ್ ಫಾರಂನಲ್ಲಿ ಒಂದು ಕುದುರೆ ಮರಿ ಹುಟ್ಟಿದರೆ ಅದರ ಅಪ್ಪ ಯಾರು, ಅಮ್ಮ ಯಾರು, ತಾತ ಯಾರು ಎಂದು ದಾಖಲೆ ಇಡುತ್ತಾರೆ. ತಾಲ್ಲೂಕು ಗೆದ್ದು ಬಂದ ನಮ್ಮ ಹುಡುಗಿಯರಿಗೆ ಒಂದು ಸಾಲೂ ಸಿಗಲಿಲ್ಲ. ಅವರೆಲ್ಲ ಮದುವೆಯಾಗಿ ಅಮೃತೂರು, ಎಡೆಯೂರು, ನಿಟ್ಟೂರು ಕಡೆಗೆ, ಕೆಲವರು ಬೆಂಗಳೂರಿಗೆ ಹೋಗಿದ್ದಾರೆ. ಫೋನ್ ಮೇಲೆ ಫೋನ್ ಮಾಡಿ, ಒಬ್ಬರಿಂದ ಇನ್ನೊಬ್ಬರ ನಂಬರು ಪಡೆದು, ಒಂಬತ್ತು ಜನರನ್ನು ಪತ್ತೆ ಮಾಡಿದೆವು. ಇವತ್ತು ಏಳು ಜನ ಬಂದಿದ್ದಾರೆ. ಅಕ್ಕಂದಿರೇ, ನೀವು ಕೈ ಎತ್ತಬೇಕಾಗಿಲ್ಲ, ಆಮೇಲೆ ವೇದಿಕೆಗೇ ಬರುತ್ತೀರಿ.

ಗೆದ್ದವರ ವಿಷಯದಲ್ಲಿ ಯಾರದೂ ತಕರಾರಿಲ್ಲ. ತಕರಾರು ಬಂದದ್ದು ಮುಂದಿನದಕ್ಕೆ. ಗೆಲ್ಲದೆ ಓಡಿದವರನ್ನು, ಓಡದೆ ದುಡಿದವರನ್ನು ಪಟ್ಟಿಗೆ ಸೇರಿಸೋಣ ಎಂದಾಗ ಸಭೆಯಲ್ಲಿ ಹಿರಿಯರೊಬ್ಬರು, "ಎಲ್ಲರಿಗೂ ಶಾಲು ಹೊದಿಸಿದರೆ ಗೆದ್ದವನ ಶಾಲಿಗೆ ಏನಪ್ಪ ಬೆಲೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಅಂದು ನಾನು ಉತ್ತರ ಹೇಳಲಿಲ್ಲ. ಉತ್ತರ ಸಿಕ್ಕಿದ್ದು ಮಹೋತ್ಸವದ ಅಂಗವಾಗಿ ನಾವು ನಡೆಸಿದ ನಕ್ಷೆ ಓಟದಲ್ಲಿ.

ಅದರ ನಿಜವಾದ ಹೆಸರು ಓರಿಯಂಟೀರಿಂಗ್. ಸ್ವೀಡನ್, ನಾರ್ವೆ ಕಡೆ ಸೈನಿಕರ ತರಬೇತಿಯಿಂದ ಹುಟ್ಟಿದ ಆಟ. ಸಾರ್ವಜನಿಕರಿಗಾಗಿ ಮೊದಲ ಸ್ಪರ್ಧೆ ನಡೆದದ್ದು 1897ರಲ್ಲಿ, ನಾರ್ವೆಯಲ್ಲಿ. ಅಂತರರಾಷ್ಟ್ರೀಯ ಒಕ್ಕೂಟ ಆದದ್ದು 1961ರಲ್ಲಿ. ಕೈಯಲ್ಲಿ ಒಂದು ನಕ್ಷೆ, ಒಂದು ದಿಕ್ಸೂಚಿ. ನಕ್ಷೆಯ ಮೇಲೆ ಸುತ್ತು ಹಾಕಿದ ಜಾಗಗಳಿರುತ್ತವೆ. ಆ ಜಾಗದಲ್ಲಿ ಬಿಳಿ ಮತ್ತು ಕಿತ್ತಳೆ ಬಣ್ಣದ, ಒಂದಡಿ ಅಗಲದ ಗುರುತು ಕಟ್ಟಿರುತ್ತಾರೆ. ಎಲ್ಲವನ್ನೂ ಕ್ರಮವಾಗಿ ಮುಟ್ಟಿ ಬರಬೇಕು. ಒಂದು ಬಿಟ್ಟರೂ ಲೆಕ್ಕಕ್ಕಿಲ್ಲ. ದಾರಿ ಯಾವುದು ಎಂದು ಯಾರೂ ಹೇಳುವುದಿಲ್ಲ: ಕೆರೆ ಏರಿ ಮೇಲೆ ಸುತ್ತಿ ಹೋಗುತ್ತೀಯೋ, ಜಾಲಿ ನಡುವೆ ನುಗ್ಗುತ್ತೀಯೋ ನಿನ್ನಿಷ್ಟ. ಒಬ್ಬರ ಹಿಂದೆ ಒಬ್ಬರು ಹೋಗದಂತೆ ಕೆಲವು ನಿಮಿಷ ಬಿಟ್ಟು ಬಿಟ್ಟು ಒಬ್ಬೊಬ್ಬರನ್ನೇ ಕಳಿಸುತ್ತಾರೆ. ಕಾಲಿನಷ್ಟೇ ತಲೆಯೂ ಓಡಬೇಕು.

ದೇವರಾಯನದುರ್ಗದ ಕಾಡಿನಲ್ಲಿ ಮಾಡೋಣ ಎಂದು ತುಮಕೂರಿನ ಗೆಳೆಯರು ಹೇಳಿದರು. ಅದು ಮೀಸಲು ಅರಣ್ಯ, ಅಲ್ಲಿ ಕರಡಿಯೂ ಇದೆ, ಚಿರತೆಯೂ ಇದೆ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬಿಡುವ ಜಾಗ ಅಲ್ಲ. ಕೊನೆಗೆ ನಮ್ಮ ಶಾಲೆಯ ಹಿಂದಿನ ಗೋಮಾಳ, ಕೆರೆ ಅಂಗಳ, ಬಂಡೆ ಸಾಲೇ ಆಯ್ತು. ನಕ್ಷೆಗೆ ಏನು ಮಾಡುವುದು? ಸರ್ವೆ ಇಲಾಖೆಯಿಂದ ನಿವೃತ್ತರಾದ ಊರಿನ ಹಿರಿಯರು ಹಳೆಯ ಗ್ರಾಮ ನಕ್ಷೆ ಹರಡಿಕೊಂಡು ಕೂತರು. 8 ಇಂಚಿಗೆ 1 ಮೈಲಿ ಲೆಕ್ಕದ ನಕ್ಷೆ ಅದು. ಬಾಂದುಕಲ್ಲು ಎಲ್ಲಿದೆ, ಹಳ್ಳ ಎಲ್ಲಿ ತಿರುಗುತ್ತದೆ ಎಂದು ಅವರು ತೋರಿಸಿದರು. ನಾವು ಫೋನಿನ ಉಪಗ್ರಹ ಚಿತ್ರದ ಜೊತೆ ತಾಳೆ ನೋಡಿ ಹೊಸದಾಗಿ ಬರೆದೆವು. ಎರಡು ಕಡೆ ಫೋನು ತಪ್ಪಿತ್ತು, ಯಜಮಾನರು ಸರಿ ಇದ್ದರು.

ಈ ಆಟದ ಒಂದು ಕಟ್ಟಳೆ ನನಗೆ ಬಹಳ ಹಿಡಿಸಿತು. ಗುರುತು ಎಲ್ಲಿದೆ ಎಂದು ಗೊತ್ತಿರುವವರು ಅವತ್ತು ಓಡುವಂತಿಲ್ಲ. ಅಂದರೆ ದಾರಿ ಹೂಡುವವರು ಸ್ಪರ್ಧೆ ಬಿಟ್ಟುಕೊಡಲೇಬೇಕು. ಹೊರದೇಶದ ಕ್ಲಬ್ಬುಗಳಲ್ಲಿ ಈ ಕೆಲಸವನ್ನು ಸರದಿ ಮೇಲೆ ಮಾಡುತ್ತಾರೆ: ಈ ಸಲ ನೀನು ಹೂಡು, ನಾನು ಓಡುತ್ತೇನೆ, ಮುಂದಿನ ಸಲ ನಾನು. ಸ್ವೀಡನ್ನಿನಲ್ಲಿ 1965ರಿಂದ ನಡೆಯುತ್ತಿರುವ ಓ-ರಿಂಗೆನ್ ಎಂಬ ಐದು ದಿನದ ಕೂಟಕ್ಕೆ ಸಾವಿರಾರು ಜನ ಸೇರುತ್ತಾರೆ. ಅದನ್ನು ಎತ್ತಿ ನಿಲ್ಲಿಸುವುದು ಆಯಾ ಊರಿನ ಕ್ಲಬ್ಬಿನ ಸ್ವಯಂಸೇವಕರೇ.

ನಮ್ಮಲ್ಲಿ ಸರದಿಗೆ ಯಾರಿದ್ದರು? ಹತ್ತನೇ ತರಗತಿಯ ಒಬ್ಬಳು ಹುಡುಗಿ ಮುಂದೆ ಬಂದಳು. ಹೋಬಳಿಯಲ್ಲಿ 1500 ಮೀಟರ್‌ನಲ್ಲಿ ಅವಳನ್ನು ಹಿಡಿಯುವವರಿಲ್ಲ. "ಅಣ್ಣ, ಕಲ್ಲಿನ ಸಂದಿ, ಹುತ್ತ ಎಲ್ಲಾ ನಂಗೆ ಗೊತ್ತು, ಕುರಿ ಹೊಡ್ಕೊಂಡು ಹೋಗಿದೀನಿ" ಅಂದಳು. ನೀನು ಹೂಡಿದರೆ ಓಡೋ ಹಾಗಿಲ್ಲ, ಬಹುಮಾನ ನಿನಗಿಲ್ಲ ಎಂದು ಎರಡು ಸಲ ಹೇಳಿದೆವು. ಬೆಳಗಿನ ಜಾವ ಐದಕ್ಕೆ ನಮಗಿಂತ ಮುಂಚೆ ಬಂದು ಗೇಟಿನ ಹತ್ತಿರ ನಿಂತಿದ್ದಳು. ಅವಳ ಹೆಸರು ಪಟ್ಟಿಯಲ್ಲಿ ಬರುತ್ತದೆ.

ಅವತ್ತು ಓಡಲು ಹೋದವರು 46 ಮಕ್ಕಳು. ಹನ್ನೊಂದು ಗಂಟೆಗೆ 45 ಜನ ವಾಪಸ್ ಬಂದಿದ್ದರು. ಈ ಆಟದಲ್ಲಿ ಗೆದ್ದವನಿರಲಿ, ಅರ್ಧಕ್ಕೆ ಬಿಟ್ಟವನಿರಲಿ, ಮುಗಿಸುವ ಜಾಗಕ್ಕೆ ಬಂದು ಹೆಸರು ಹೇಳಲೇಬೇಕು. ಇಲ್ಲದಿದ್ದರೆ ಹುಡುಕಲು ಹೋಗಬೇಕಾಗುತ್ತದೆ. ಹಾಗಾಗಿ ಪುಸ್ತಕ ಹಿಡಿದು ಕೂತವರಿಗೆ ಕೊನೆಯವನ ಹೆಸರೂ ಮೊದಲನೆಯವನ ಹೆಸರಿನಷ್ಟೇ ಮುಖ್ಯ. ಬಹುಮಾನ ಪಡೆಯುವವರು ಆಗಲೇ ನಿಂಬೆ ಶರಬತ್ತು ಕುಡಿಯುತ್ತಿದ್ದರು. ಸ್ವಯಂಸೇವಕರೆಲ್ಲ ಬಂಡೆ ಹತ್ತಿ ಎಂಟನೇ ತರಗತಿಯ ಆ ಹುಡುಗನನ್ನು ಕೂಗುತ್ತಿದ್ದರು. ಹನ್ನೊಂದೂ ಮುಕ್ಕಾಲಿಗೆ ಅವನು ನಿಧಾನಕ್ಕೆ ನಡೆದುಕೊಂಡು ಬಂದ. ಒಂಬತ್ತೂ ಗುರುತು ಕ್ರಮವಾಗಿ ಮುಟ್ಟಿದ್ದ. "ಬಿಟ್ಟು ಬರಬಹುದಿತ್ತಲ್ಲೋ" ಎಂದರೆ, "ಇನ್ನೊಂದು ಇತ್ತಲ್ಲ ಸಾರ್" ಅಂದ. ಓಟದ ಮೊದಲ ಐದರಲ್ಲಿ ಬಂದ ಇಬ್ಬರು ಒಂದೊಂದು ಗುರುತು ತಪ್ಪಿಸಿ ಲೆಕ್ಕದಿಂದ ಹೊರಗೆ ಹೋಗಿದ್ದರು. ಶಾಲಿನ ಬೆಲೆ ಕೇಳಿದ ಹಿರಿಯರೂ ಆ ಹೊತ್ತಿಗೆ ಟವೆಲ್ ತಲೆಗೆ ಸುತ್ತಿ ಬಂಡೆ ಮೇಲೆ ನಿಂತಿದ್ದರು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ದೊಡ್ಡ ಮಟ್ಟದಲ್ಲೂ ಇದು ನಿಧಾನಕ್ಕೆ ಬಂದ ತಿಳಿವಳಿಕೆಯೇ. ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ, ದ್ರೋಣಾಚಾರ್ಯ ಪ್ರಶಸ್ತಿ 1985ರಲ್ಲಿ. ಶಿಷ್ಯನಿಗೆ ಸಿಕ್ಕ 24 ವರ್ಷದ ಮೇಲೆ ಗುರುವಿಗೆ ಸಿಕ್ಕಿತು! ನಮ್ಮ ರಾಜ್ಯ ಸರ್ಕಾರ ಏಕಲವ್ಯ ಪ್ರಶಸ್ತಿಯ ಜೊತೆಗೆ ದೇಸಿ ಆಟಗಳಿಗೆ ಕ್ರೀಡಾ ರತ್ನ ಕೊಡುತ್ತದೆ, ಆಟ ಬೆಳೆಸುವ ಸಂಸ್ಥೆಗಳಿಗೆ ಕ್ರೀಡಾ ಪೋಷಕ ಪ್ರಶಸ್ತಿ ಕೊಡುತ್ತದೆ. ಆದರೂ 2025ರ ಜನವರಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದು ಬಂದ ನಮ್ಮ ರಾಜ್ಯದ ಗೌತಮ್ ಮತ್ತು ಚೈತ್ರಾ, ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿ ಬೇಡ ಎಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ಘೋಷಿಸಿತ್ತು. ಅವರು ಕೇಳಿದ್ದು ದುಡ್ಡೊಂದನ್ನೇ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರಿಗೆ ಕಣ್ಣು ಕಾಣುವುದಿಲ್ಲ. 2018ರಲ್ಲಿ ಜಕಾರ್ತಾದಲ್ಲಿ, 2023ರಲ್ಲಿ ಹಾಂಗ್‌ಝೌನಲ್ಲಿ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಚಿನ್ನ ಗೆದ್ದರು. ಅವರ ಕೈಗೂ ಗೈಡ್ ರನ್ನರ್ ರಾಹುಲ್ ಬಾಲಕೃಷ್ಣ ಅವರ ಕೈಗೂ ಒಂದು ಸಣ್ಣ ದಾರ. ಗೈಡ್ ಅಷ್ಟೇ ವೇಗವಾಗಿ ಓಡಬೇಕು, ಆದರೆ ಗೆರೆಯನ್ನು ಓಟಗಾರರಿಗಿಂತ ಮುಂಚೆ ದಾಟಬಾರದು. ಪ್ಯಾರಾಲಿಂಪಿಕ್ಸ್‌ನಲ್ಲಿ ಈಗ ಗೈಡ್ ಕೊರಳಿಗೂ ಪದಕ ಹಾಕುತ್ತಾರೆ. ಅದರಿಂದ ಓಟಗಾರರ ಪದಕದ ತೂಕವೇನೂ ಇಳಿದಿಲ್ಲ.

ನಮ್ಮ ಶಾಲೆಯಲ್ಲೂ ಅಂಥ ಒಬ್ಬರಿದ್ದಾರೆ. ನಮ್ಮ ಕಾಲದ ಎಲ್ಲರಿಗೂ ಅವರು ಗೊತ್ತು, ಗಂಟೆ ಹೊಡೆಯುತ್ತಿದ್ದವರು. ಕ್ರೀಡಾಕೂಟದ ಹಿಂದಿನ ದಿನ ಪಿ.ಟಿ. ಮೇಷ್ಟ್ರು ಅಳತೆ ಹೇಳಿದರೆ, ಸುಣ್ಣದ ಪುಡಿ ಹಿಡಿದು ಟ್ರ್ಯಾಕ್ ಎಳೆಯುತ್ತಿದ್ದವರು ಅವರು. ಒಂದು ಲೇನಿನ ಅಗಲ 1.22 ಮೀಟರ್. ಒಂದು ಪೂರ್ತಿ ಸುತ್ತಿಗೆ ಹೊರಗಿನ ಲೇನಿನವನಿಗೆ ಸುಮಾರು ಏಳೂವರೆ ಮೀಟರ್ ಹೆಚ್ಚಾಗುತ್ತದೆ, ಅಷ್ಟು ಮುಂದೆ ನಿಲ್ಲಿಸಬೇಕು. ನಾನು ಇದನ್ನು ಪೈ, ತ್ರಿಜ್ಯ ಅಂತ ಲೆಕ್ಕ ಹಾಕುತ್ತೇನೆ. ಅವರು ತೆಂಗಿನ ನಾರಿನ ಹಗ್ಗಕ್ಕೆ ಗಂಟು ಹಾಕಿಟ್ಟುಕೊಂಡಿದ್ದರು. ಆ ಹಗ್ಗ ಇನ್ನೂ ಅವರ ಮನೆ ಅಟ್ಟದ ಮೇಲಿದೆ. ಆ ಗೆರೆ ಅರ್ಧ ಅಡಿ ಆಚೀಚೆ ಆಗಿದ್ದರೆ ರಿಜಿಸ್ಟರಿನಲ್ಲಿರುವ ಪ್ರಥಮ, ದ್ವಿತೀಯಗಳು ಅದಲುಬದಲಾಗುತ್ತಿದ್ದವು. ಕರೆಯಲು ಹೋದಾಗ "ನಾನೇನು ಓಡಿದೀನಾ ಸ್ವಾಮಿ?" ಎಂದು ಒಳಗೆ ಹೋಗಿಬಿಟ್ಟರು. ಮನೆಯವರು ಒಪ್ಪಿಸಿ ಕರೆದುಕೊಂಡು ಬಂದಿದ್ದಾರೆ. ಕೊನೆಯ ಸಾಲಿನಲ್ಲಿ ಕೂತಿದ್ದಾರೆ, ಈಗ ನನ್ನನ್ನು ನೋಡದೆ ಮೇಲೆ ನೋಡುತ್ತಿದ್ದಾರೆ.

ನಾನು ದಿನವೂ ಕೆಲಸ ಮಾಡುವ ಸಾಫ್ಟ್‌ವೇರಿನಲ್ಲಿ ಯಾವ ಸಾಲನ್ನು ಯಾರು, ಯಾವಾಗ ಬರೆದರು ಎಂಬುದು ತಾನಾಗಿ ದಾಖಲಾಗುತ್ತದೆ. ಇಲ್ಲಿ ತಾನಾಗಿ ಆಗುವುದಿಲ್ಲ, ಯಾರಾದರೂ ಪೆನ್ನು ಹಿಡಿಯಬೇಕು. ಅದಕ್ಕೆ ಸಮಿತಿ ಎರಡು ನಿರ್ಧಾರ ಮಾಡಿದೆ. ಹಳೆಯ ವಿದ್ಯಾರ್ಥಿಗಳ ದತ್ತಿ ನಿಧಿಯ ಬಡ್ಡಿಯಲ್ಲಿ ಪ್ರತಿ ವರ್ಷ ಎರಡು ಬಹುಮಾನ, ಎರಡೂ ಒಂದೇ ಮೊತ್ತದ್ದು: ಒಂದು ಉತ್ತಮ ಕ್ರೀಡಾಪಟುವಿಗೆ, ಇನ್ನೊಂದು ಕೂಟ ನಡೆಸಲು ದುಡಿದ ವಿದ್ಯಾರ್ಥಿಗೆ. ಎರಡನೆಯದನ್ನು ಮಕ್ಕಳೇ ಚೀಟಿ ಹಾಕಿ ಆರಿಸಬೇಕು. ಯಾರು ದುಡಿದರು, ಯಾರು ಫೋಟೋಗೆ ಮಾತ್ರ ಬಂದರು ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಇನ್ನೊಂದು, ಹೊಸ ರಿಜಿಸ್ಟರು. ಅದರಲ್ಲಿ ತಂಡದ ಎಲ್ಲರ ಹೆಸರು, ಮೈದಾನದಲ್ಲಿ ಕೆಲಸ ಮಾಡಿದ ಎಲ್ಲರ ಹೆಸರು. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಮೊದಲ ಪುಟದಲ್ಲಿ ಆ 46 ಮಕ್ಕಳ ಹೆಸರು ಆಗಲೇ ಬರೆದಾಗಿದೆ.

ಈಗ ಪಟ್ಟಿ ಓದುತ್ತೇನೆ. ಅದಕ್ಕೆ ಮುಂಚೆ ಒಂದು ಕೋರಿಕೆ. ವಿಜ್ಞಾನ ಕೊಠಡಿಯ ಗೋಡೆಗೆ ಹಳೆಯ ಫೋಟೋಗಳನ್ನು ಹಾಕಿದ್ದೇವೆ. ಖೋ-ಖೋ ತಂಡದ ಫೋಟೋದಲ್ಲಿ ಮೂವರ ಹೆಸರು ಇನ್ನೂ ಸಿಕ್ಕಿಲ್ಲ: ನಿಂತ ಸಾಲಿನಲ್ಲಿ ಎಡದಿಂದ ಎರಡನೆಯವರು, ಅವರ ಪಕ್ಕ ಎರಡು ಜಡೆ ಹಾಕಿಕೊಂಡವರು, ಕೂತ ಸಾಲಿನ ಬಲತುದಿಯವರು. ಜೊತೆಯಲ್ಲಿ ಆಡಿದ ಅಕ್ಕಂದಿರಿಗೂ ಮುಖ ನೆನಪಿದೆ, ಹೆಸರು ನೆನಪಾಗುತ್ತಿಲ್ಲ. ಊಟ ಮುಗಿಸಿ ದಯವಿಟ್ಟು ಒಮ್ಮೆ ನೋಡಿ. ಗೊತ್ತಾದರೆ ಅಲ್ಲೇ ಮೇಜಿನ ಮೇಲಿರುವ ರಿಜಿಸ್ಟರಿನಲ್ಲಿ ಬರೆಯಿರಿ. ಪೆನ್ನು ದಾರ ಕಟ್ಟಿ ಇಟ್ಟಿದ್ದೇವೆ.