ಕರುವಿನ ಪಾಲು



ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಕೊಟ್ಟಿಗೆಯ ಮಾತೇಕೆಂದು ತಾವು ಕೇಳಬಹುದು. ನಾನು ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯ ಕಡೆ ಒಕ್ಕಲುಮನೆಯಲ್ಲಿ ಬೆಳೆದವನು. ವಿದ್ಯಾರ್ಥಿಯಾಗಿದ್ದಾಗ ರಜೆಗೆ ಊರಿಗೆ ಹೋಗಿದ್ದೆನು. ಒಂದು ಸಂಜೆ ನಮ್ಮ ಹಸು ಈಯಿತು. ಕಸ ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದೆಂದು ಹಿರಿಯರು ಹೇಳಿದರು. ಕಸ ಬಿದ್ದುದು ಮರುದಿನ ಬೆಳಗ್ಗೆ. ಬಳಿಕ ಕರೆದ ಗಿಣ್ಣುಹಾಲಿನಲ್ಲಿ ಹೆಚ್ಚಿನ ಪಾಲು ಬೆಲ್ಲ ಏಲಕ್ಕಿಗಳೊಡನೆ ಬೆಂದು ನೆರೆಮನೆಗಳಿಗೆ ಹಂಚಿಹೋಯಿತು. ನಾನೂ ಅದನ್ನು ಸವಿದೆನು. ವಾರ ಕಳೆಯುವುದರೊಳಗೆ ಕರು ಭೇದಿ ಹತ್ತಿ ಸತ್ತಿತು. ಎಲ್ಲರೂ ವಿಧಿಯನ್ನು ಹಳಿದರು. ನಮ್ಮ ಕೈಯ ತಪ್ಪೂ ಅದರಲ್ಲಿ ಇದ್ದಿರಬೇಕೆಂದು ನನಗೆ ಹೊಳೆದುದು ಬಹಳ ತಡವಾಗಿ.

ಮನುಷ್ಯನ ಶಿಶುವಿಗೆ ಗರ್ಭದಲ್ಲಿಯೇ ತಾಯಿಯ ರೋಗನಿರೋಧಕ ಶಕ್ತಿ ಕೊಂಚ ದೊರೆಯುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಅದು ಗಿಣ್ಣುಹಾಲಿನಿಂದಲೇ ಬರಬೇಕು. ಕರುವಿನ ಕರುಳು ಈ ಶಕ್ತಿಯನ್ನು ಹೀರಿಕೊಳ್ಳುವ ಸಾಮರ್ಥ್ಯವು ಗಂಟೆಗಂಟೆಗೂ ಕುಗ್ಗಿ, ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಆದುದರಿಂದ ಕರು ಹುಟ್ಟಿದ ಒಂದೆರಡು ಗಂಟೆಗಳೊಳಗೆ ಗಿಣ್ಣು ಕುಡಿಯತಕ್ಕದ್ದು. 25 ಕಿಲೋ ತೂಗುವ ಕರುವಿಗೆ ಮೊದಲ ದಿನ ಎರಡೂವರೆ ಲೀಟರಾದರೂ ಬೇಕು. ಕಸಕ್ಕಾಗಿ ಕಾಯಬೇಕಾಗಿಲ್ಲ, ಕರು ಮೊಲೆಯುಂಡರೆ ಕಸ ಬೀಳುವುದಕ್ಕೆ ಸಹಾಯವೇ ಆಗುತ್ತದೆ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುವುದನ್ನೂ ಮರೆಯಬಾರದು.

ಕರುವಿನ ಪಾಲನ್ನು ಕರುವಿಗೇ ಬಿಡುವುದು ನಮ್ಮ ನಾಡಿಗೆ ಹೊಸದಲ್ಲ. ಉಬ್ರಾಣಿಗೆ ಬಹುದೂರವಲ್ಲದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿದ್ದ ಈ ಇಲಾಖೆಗೆ ಅಮೃತಮಹಲೆಂಬ ಹೆಸರನ್ನಿಟ್ಟವನು ಟಿಪ್ಪು ಸುಲ್ತಾನನು. ದಂಡಿನ ಬಂಡಿಗಳಿಗೆ ಎತ್ತುಗಳನ್ನು ಒದಗಿಸುತ್ತಿದ್ದ ಆ ಹಿಂಡುಗಳಲ್ಲಿ ತಾಯಿಯ ಹಾಲು ಬಹುಮಟ್ಟಿಗೆ ಕರುವಿಗೇ ಸಲ್ಲುತ್ತಿತ್ತು. ಹಾಲು ಮಾರಿ ಬಾಳುವ ರೈತನು ಹಾಗೆ ಮಾಡಲಾರನು, ನಿಜ. ಆದರೂ ಮೊದಲ ತಿಂಗಳುಗಳಲ್ಲಿ ಕರುವಿನ ತೂಕದ ಹತ್ತನೆಯ ಒಂದು ಪಾಲಿನಷ್ಟು ಹಾಲನ್ನು ಅದಕ್ಕೆ ಮೀಸಲಿಡುವುದು ಸಾಲದ ಲೆಕ್ಕವಲ್ಲ, ಮೂಲಧನದ ಲೆಕ್ಕ.

ಹುಟ್ಟಿದ ಹತ್ತು ಹದಿನೈದು ದಿನಗಳಲ್ಲಿ ಜಂತುಹುಳುವಿನ ಔಷಧವನ್ನು ವೈದ್ಯರ ಸಲಹೆಯಂತೆ ಕುಡಿಸಿ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಮುಂದುವರಿಸಬೇಕು. ನಾಲ್ಕನೆಯ ತಿಂಗಳಿನಿಂದ ಕಾಲುಬಾಯಿ ಜ್ವರದ ಲಸಿಕೆ. ಆರು ತಿಂಗಳಾದ ಮೇಲೆ, ಮಳೆಗಾಲಕ್ಕೆ ಮುಂಚೆ, ಗಳಲೆ ರೋಗ ಮತ್ತು ಚಪ್ಪೆ ರೋಗಗಳ ಲಸಿಕೆ. ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಹಾಕಿಸುವ ಬ್ರುಸೆಲ್ಲಾ ಲಸಿಕೆಯು ಮುಂದೆ ಕಂದು ಹಾಕುವುದನ್ನು ತಡೆಯುತ್ತದೆ. ಆ ರೋಗ ಮನುಷ್ಯರಿಗೂ ಅಂಟುವಂಥದು. ಸೂಜಿಯೆಂದರೆ ಶಂಕಿಸುವವರು ದನಗಳ ದೊಡ್ಡರೋಗವನ್ನು ನೆನೆಯಬೇಕು. ಕೊಟ್ಟಿಗೆಗಳನ್ನೇ ಬರಿದುಮಾಡುತ್ತಿದ್ದ ಆ ಮಾರಿಯನ್ನು ಎದುರಿಸಲು 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಹುಟ್ಟಿತು. ಲಸಿಕೆಯ ಬಲದಿಂದ 2011ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತು.

ಇಷ್ಟೆಲ್ಲ ಮಾಡಿದವರೂ ಕಡಸನ್ನು ಮರೆಯುತ್ತಾರೆ. ಹಾಲು ಬಿಟ್ಟ ಕರುವು ಕರೆಯುವ ಹಸುವೂ ಅಲ್ಲ, ಕಣ್ಣಿಗೆ ಮುದ್ದಾದ ಎಳೆಗರುವೂ ಅಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಒಣಹುಲ್ಲು ಮೆಲ್ಲುತ್ತ ನಿಂತಿರುತ್ತದೆ, ಕಿವಿಯ ತುಂಬ ಉಣ್ಣೆ. ಹಿಂಡಿ ತೌಡುಗಳೆಲ್ಲ ಹಾಲು ಕೊಡುವ ಹಸುವಿಗೆ ಸಲ್ಲುತ್ತವೆ. ಚೆನ್ನಾಗಿ ಬೆಳೆದ ಮಿಶ್ರತಳಿಯ ಕಡಸು ಒಂದೂವರೆ ವರ್ಷದ ಸುಮಾರಿಗೆ 250 ಕಿಲೋ ತೂಗಿ, ಬೆದೆಗೆ ಬಂದು, ಎರಡೂವರೆ ವರ್ಷದೊಳಗೆ ಈಯಬಲ್ಲದು. ಅರೆಹೊಟ್ಟೆಯಲ್ಲಿ ಬೆಳೆದದ್ದು ಇನ್ನೂ ಒಂದು ವರ್ಷ ತಡೆದೀತು. ಹಿಡಿ ಹಿಂಡಿ, ಹಸಿಹುಲ್ಲು, ಖನಿಜಮಿಶ್ರಣ, ಒಣಗಿದ ನೆಲ, ಇಷ್ಟು ಸಾಕು. ಅದಕ್ಕೆ ತಪ್ಪಿಸಿದ ಮೇವು ನಮಗೆ ಉಳಿತಾಯವಲ್ಲ. ವರ್ಷದ ಹಾಲಿನಲ್ಲಿ ತೆರುತ್ತೇವೆ.

ಈಗ ನಮ್ಮ ಮನೆಯಲ್ಲಿ ಹಸು ಈದರೆ ಮೊದಲು ಕರು ಉಣ್ಣುತ್ತದೆ. ಉಳಿದರೆ ನೆರೆಮನೆಗೆ ಗಿಣ್ಣು ಹೋಗುತ್ತದೆ. ಕೆಲವೊಮ್ಮೆ ಹೋಗುವುದಿಲ್ಲ, ನೆರೆಯವರು ಮುನಿದುಕೊಂಡಿಲ್ಲ.